ಊರೂರಿಗೆ ಸಾಗಿದ ರಂಗಮಂದಿರ

ದುಡಿಮೆಗೊಂದು ಕಾಲ, ಬಿಡುವಿಗೊಂದು ಕಾಲ ಎಂಬುದು ಒಕ್ಕಲುತನವನ್ನು ನಂಬಿದ ನಾಡಿನ ನಿಯಮ. ಸುಗ್ಗಿ ಮುಗಿದು ಧಾನ್ಯವು ಕಣಜವನ್ನು ಸೇರಿದ ಮೇಲೆ ರೈತನ ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತದೆ, ಮನಸ್ಸು ಹಗುರವಾಗುತ್ತದೆ. ಕರ್ನಾಟಕದಲ್ಲಿ ಎಷ್ಟೋ ಜಾತ್ರೆಗಳು ಸಂಕ್ರಾಂತಿ ಯುಗಾದಿಗಳ ನಡುವೆ ನೆರೆಯುವುದು ಸಹಜವಾಗಿಯೇ ಇದೆ. ದೇವರ ತೇರು, ದನಗಳ ಸಂತೆ, ಬೆಂಡು ಬತ್ತಾಸಿನ ಅಂಗಡಿಗಳು ಜಾತ್ರೆಗೆ ಕಳೆಯನ್ನು ತರುತ್ತವೆ. ಇವುಗಳ ಮಗ್ಗುಲಲ್ಲಿಯೇ ನಾಟಕದ ಡೇರೆಯೂ ಏಳುತ್ತದೆ. ಇದು ಒಂದೆಡೆ ನೆಲೆನಿಲ್ಲದ ರಂಗಮಂದಿರ. ಜನರು ತನ್ನ ಬಳಿಗೆ ಬರಲೆಂದು ಕಾಯದೆ, ಜನರು ನೆರೆದ ಕಡೆಗೆ ತಾನೇ ಹೋಗುವುದು ಇದರ ಸ್ವಭಾವ. ಚಲನಚಿತ್ರ, ದೂರದರ್ಶನಗಳ ಅಬ್ಬರದ ನಡುವೆಯೂ ಇದು ಉಳಿದು ಬಂದುದಕ್ಕೆ ಈ ಸ್ವಭಾವವೇ ಮುಖ್ಯ ಕಾರಣ.

ಕನ್ನಡದ ವೃತ್ತಿ ನಾಟಕ ಮಂಡಳಿಗಳು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹುಟ್ಟಿದವು. ಆಗ ನಾಡಿನಲ್ಲಿ ಸಂಚರಿಸುತ್ತಿದ್ದ ಪಾರ್ಸಿ ಮತ್ತು ಮರಾಠಿ ಮಂಡಳಿಗಳ ವೈಭವವು ಕನ್ನಡಿಗರಿಗೆ ಸ್ಫೂರ್ತಿ ನೀಡಿತು. ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಆರಂಭವಾದ ನಾಟಕ ಮಂಡಳಿಯು ಇವುಗಳಲ್ಲಿ ಅಗ್ರಗಣ್ಯವಾದುದು. ಬಾಲನಟನಾಗಿ ಅದನ್ನು ಸೇರಿದ ವೀರಣ್ಣನವರು ಮುಂದೆ ಅದರ ಒಡೆಯರಾಗಿ, ಮಂಡಳಿಯ ಕೀರ್ತಿಯನ್ನು ದಕ್ಷಿಣ ಭಾರತದಾದ್ಯಂತ ಹರಡಿದರು. ಅವರ ‘ಕುರುಕ್ಷೇತ್ರ’ ನಾಟಕದಲ್ಲಿ ಜೀವಂತ ಆನೆ ಕುದುರೆಗಳೇ ರಂಗದ ಮೇಲೆ ಬರುತ್ತಿದ್ದವು. ಗಂಡಸರೇ ಸ್ತ್ರೀಪಾತ್ರಗಳನ್ನು ವಹಿಸುವುದು ರೂಢಿಯಾಗಿದ್ದ ರಂಗಭೂಮಿಗೆ ಕ್ರಮೇಣ ನಟಿಯರೂ ಬಂದರು. ಮೈಸೂರಿನಲ್ಲಿ ಆರ್. ನಾಗರತ್ನಮ್ಮನವರು 1958ರಲ್ಲಿ ಕಟ್ಟಿದ ಸ್ತ್ರೀ ನಾಟಕ ಮಂಡಳಿಯಲ್ಲಂತೂ ಪುರುಷಪಾತ್ರಗಳನ್ನೂ ಸ್ತ್ರೀಯರೇ ನಿರ್ವಹಿಸಿದರು.

ನಾಟಕ ಕಂಪನಿಯು ಒಂದೂರಿನಲ್ಲಿ ಬೀಡು ಬಿಡುವುದಕ್ಕೆ ‘ಕ್ಯಾಂಪು’ ಎಂದು ಹೆಸರು. ಮೊದಲು ಬಯಲನ್ನು ಗೊತ್ತುಮಾಡಿ, ಅಧಿಕಾರಿಗಳ ಅನುಮತಿಯನ್ನು ಪಡೆಯಬೇಕು. ಬಳಿಕ ಬಿದಿರು, ಗಳ, ತಗಡು, ಬಟ್ಟೆಗಳಿಂದ ಕೆಲವೇ ದಿನಗಳಲ್ಲಿ ಮಂದಿರವು ಸಿದ್ಧವಾಗುತ್ತದೆ. ಅರಮನೆ, ಅಡವಿ, ಬೀದಿಗಳನ್ನು ಬರೆದ ಪರದೆಗಳು ರಂಗದ ಹಿಂದೆ ಇಳಿಯುತ್ತವೆ. ಹಾರ್ಮೋನಿಯಂ ತಬಲಗಳು ರಂಗದ ಬದಿಗೆ ಸೇರುತ್ತವೆ. ನಟರು, ವಾದ್ಯಗಾರರು, ಪರದೆ ಎಳೆಯುವವರು, ಅಡಿಗೆಯವರು, ಅವರ ಹೆಂಡಿರು ಮಕ್ಕಳು ಎಲ್ಲರೂ ಕೂಡಿ ಅದೊಂದು ಪುಟ್ಟ ಊರೇ ಆಗುತ್ತದೆ. ಅಷ್ಟೂ ಜನರ ಅನ್ನವು ಟಿಕೆಟಿನ ಗಲ್ಲೆಯನ್ನು ಅವಲಂಬಿಸಿದೆ. ಸಂಜೆ ಅಕಾಲದ ಮಳೆ ಸುರಿದರೆ ಆ ರಾತ್ರಿಯ ಗಳಿಕೆ ಇಲ್ಲ. ಆ ವರ್ಷ ಬೆಳೆಯೇ ಕೈಕೊಟ್ಟರೆ ಕ್ಯಾಂಪನ್ನೇ ಎತ್ತಬೇಕಾಗುತ್ತದೆ. ರೈತನಂತೆ ನಟನೂ ಮುಗಿಲನ್ನು ನೋಡಿ ಬದುಕುವವನು.

ಈ ಮಂಡಳಿಗಳು ಏಳಿಗೆಯಲ್ಲಿದ್ದಾಗಲೇ ಚಲನಚಿತ್ರವೂ ಬೆಳೆಯತೊಡಗಿತು. 1896ರಲ್ಲಿ ಮುಂಬಯಿಯಲ್ಲಿ ಭಾರತದ ಮೊದಲ ಚಿತ್ರಪ್ರದರ್ಶನ ನಡೆಯಿತು. 1913ರಲ್ಲಿ ದಾದಾಸಾಹೇಬ್ ಫಾಲ್ಕೆಯವರ ಮೂಕಚಿತ್ರ ‘ರಾಜಾ ಹರಿಶ್ಚಂದ್ರ’ ತೆರೆಕಂಡಿತು. ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಅದರಲ್ಲಿ ನಟಿಸಿದ ಸುಬ್ಬಯ್ಯ ನಾಯ್ಡು ಮತ್ತು ನಾಗೇಂದ್ರರಾಯರು ಇಬ್ಬರೂ ನಾಟಕ ರಂಗದವರೇ. ಇಪ್ಪತ್ತು ವರ್ಷಗಳ ತರುವಾಯ ಬಂದ ‘ಬೇಡರ ಕಣ್ಣಪ್ಪ’ ಚಿತ್ರದ ನಾಯಕ ರಾಜಕುಮಾರ್ ಅವರೂ ಗುಬ್ಬಿ ಮಂಡಳಿಯಲ್ಲಿ ಪಳಗಿದವರು. ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ನಾಟಕವು 1974ರಲ್ಲಿ ಚಲನಚಿತ್ರವಾಗಿ ಅಪಾರ ಜನಪ್ರೀತಿಯನ್ನು ಗಳಿಸಿತು. ಹೀಗೆ ನಟರನ್ನೂ ಕಥೆಗಳನ್ನೂ ನಾಟಕದಿಂದ ಪಡೆದ ಚಿತ್ರರಂಗವು ಅದರ ಪ್ರೇಕ್ಷಕರನ್ನೂ ತನ್ನತ್ತ ಸೆಳೆದುಕೊಂಡಿತು.

ಪಟ್ಟಣಗಳಲ್ಲಿ ಚಿತ್ರಮಂದಿರಗಳು ಎದ್ದರೂ ಹಳ್ಳಿಗಳಿಗೆ ಅವು ದೂರವಾಗಿದ್ದವು. ಆ ಕೊರತೆಯನ್ನು ನೀಗಿದುದು ಟೂರಿಂಗ್ ಟಾಕೀಸು. ನಾಟಕ ಕಂಪನಿಯ ಡೇರೆಯಂತೆಯೇ ಇದರ ಡೇರೆಯೂ ಊರ ಹೊರಗಿನ ಬಯಲಿನಲ್ಲಿ ಏಳುತ್ತಿತ್ತು. ಬಟ್ಟೆಯ ಗೋಡೆ ಹಗಲಿನ ಬೆಳಕನ್ನು ತಡೆಯಲಾರದು. ಆದುದರಿಂದ ಕತ್ತಲಾದ ಮೇಲೆಯೇ ಪ್ರದರ್ಶನ. ಧ್ವನಿವರ್ಧಕದಲ್ಲಿ ಭಕ್ತಿಗೀತೆ ಕೇಳಿಬಂದಿತೆಂದರೆ ಆಟ ಆರಂಭವಾಗುವ ಹೊತ್ತಾಯಿತೆಂದು ಸುತ್ತಲಿನ ಹಳ್ಳಿಗಳಿಗೆ ತಿಳಿಯುತ್ತಿತ್ತು. ನೆಲ, ಬೆಂಚು, ಕುರ್ಚಿ ಎಂದು ಮೂರು ದರ್ಜೆಗಳು. ಯಂತ್ರದಲ್ಲಿ ಸೆಕೆಂಡಿಗೆ 24 ಚಿತ್ರಗಳಂತೆ ಫಿಲ್ಮು ಓಡುತ್ತಿದ್ದುದರಿಂದ, 1000 ಅಡಿಗಳ ಒಂದು ರೀಲು ಸುಮಾರು 11 ನಿಮಿಷಗಳಲ್ಲಿ ಮುಗಿಯುತ್ತಿತ್ತು. ಒಂದೇ ಯಂತ್ರವಿದ್ದ ಡೇರೆಗಳಲ್ಲಿ ರೀಲು ಬದಲಿಸುವವರೆಗೆ ಕಥೆಯೂ ನಿಲ್ಲುತ್ತಿತ್ತು. ಆ ಬಿಡುವಿನಲ್ಲಿ ಕಡಲೆಕಾಯಿ, ಸೋಡಾಗಳ ವ್ಯಾಪಾರವು ಭರದಿಂದ ಸಾಗುತ್ತಿತ್ತು.

ಆದರೆ ಟೂರಿಂಗ್ ಟಾಕೀಸು ಬಹುಕಾಲ ಬಾಳಲಿಲ್ಲ. ಸಣ್ಣ ಊರುಗಳಲ್ಲಿಯೂ ಖಾಯಂ ಚಿತ್ರಮಂದಿರಗಳು ಬಂದವು. 1981ರಲ್ಲಿ ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾಯಿತು. ಚಿತ್ರವು ಮನೆಯೊಳಕ್ಕೇ ಬಂದಿತು. ಡೇರೆಯಲ್ಲಿ ತೋರುವುದನ್ನೇ ಮನೆಯಲ್ಲಿ ಕುಳಿತು ನೋಡಬಹುದಾದಾಗ ಡೇರೆಗೆ ಹೋಗುವ ಅಗತ್ಯವು ಉಳಿಯಲಿಲ್ಲ. ಅನೇಕ ನಾಟಕ ಕಂಪನಿಗಳೂ ಇದೇ ಕಾಲದಲ್ಲಿ ಮುಚ್ಚಿಹೋದವು. ಉಳಿದವು ಹೆಚ್ಚಾಗಿ ಉತ್ತರ ಕರ್ನಾಟಕದ ಜಾತ್ರೆಗಳನ್ನು ಆಶ್ರಯಿಸಿದವು.

ಬಾದಾಮಿಯ ಸಮೀಪದ ಬನಶಂಕರಿ ಜಾತ್ರೆಯು ಇದಕ್ಕೆ ಉತ್ತಮ ನಿದರ್ಶನ. ಪುಷ್ಯಮಾಸದ ಹುಣ್ಣಿಮೆಯಂದು ಅಲ್ಲಿ ತೇರು ಸಾಗುತ್ತದೆ. ಹಲವು ಕಂಪನಿಗಳು ಏಕಕಾಲದಲ್ಲಿ ಬೀಡುಬಿಟ್ಟು ವಾರಗಟ್ಟಲೆ ನಾಟಕವಾಡುತ್ತವೆ. ದೂರದಿಂದ ಬಂದ ಜನರು ತೇರು ನಿಂತೊಡನೆ ಹಿಂದಿರುಗುವುದಿಲ್ಲ. ರಾತ್ರಿಯನ್ನು ಎಲ್ಲಿಯಾದರೂ ಕಳೆಯಬೇಕು. ಅವರಿಗೆಂದೇ ಒಂದು ರಾತ್ರಿಯಲ್ಲಿ ಒಂದಕ್ಕಿಂತ ಹೆಚ್ಚು ಆಟಗಳು ಬೆಳಗಿನವರೆಗೂ ನಡೆಯುತ್ತವೆ. ಎರಡು ವರ್ಷಗಳಿಗೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿಯೂ ನಾಟಕದ ಡೇರೆಗಳಿಗೆ ಸ್ಥಾನವುಂಟು.

ಹಾಗೆಂದು ಕಲಾವಿದರ ಬದುಕು ಸುಗಮವಾಗಿದೆಯೆಂದು ಭಾವಿಸಲಾಗದು. ಜಾತ್ರೆಯ ಕೆಲವೇ ವಾರಗಳ ಗಳಿಕೆಯು ವರ್ಷದ ಬಹುಭಾಗಕ್ಕೆ ಆಧಾರವಾಗಬೇಕು. ಪಕ್ಕದ ಡೇರೆಯೊಡನೆ ಪೈಪೋಟಿ ಬಿದ್ದಾಗ ಕೀಳು ಹಾಸ್ಯಕ್ಕೆ ಇಳಿಯುವ ಆಮಿಷವೂ ಉಂಟು. ಇದರಿಂದ ವೃತ್ತಿ ರಂಗಭೂಮಿಗೆ ಕೆಟ್ಟ ಹೆಸರೂ ಬಂದಿದೆ. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ರೋಗದ ಕಾರಣ ದೇಶವೇ ಸ್ತಬ್ಧವಾದಾಗ ಡೇರೆಗಳೂ ಬರಿದಾದವು. ಮುಗಿಲನ್ನು ನಂಬಿದವರಿಗೆ ಅಂದು ಜಾತ್ರೆಯೂ ಇಲ್ಲವಾಯಿತು. ಜನ ಕೂಡದೆ ಈ ಕಲೆ ಇಲ್ಲ ಎಂಬುದು ಆಗ ಸ್ಪಷ್ಟವಾಯಿತು.

ಹಾಗಾದರೆ ಇಂದಿನ ಪ್ರೇಕ್ಷಕನು ಡೇರೆಯಲ್ಲಿ ಏನನ್ನು ಪಡೆಯುತ್ತಾನೆ? ಕಂಪನಿ ನಾಟಕದಲ್ಲಿ ಮೆಚ್ಚಿದ ಹಾಡಿಗೆ ಸಭಿಕರು ‘ಒನ್ಸ್ ಮೋರ್’ ಎಂದು ಕೂಗುವ ಸಂಪ್ರದಾಯವಿದೆ. ಆ ಕೂಗಿಗೆ ನಟನು ಕಥೆಯನ್ನು ಅಲ್ಲಿಯೇ ನಿಲ್ಲಿಸಿ, ಅದೇ ಹಾಡನ್ನು ಮತ್ತೆ ಹಾಡುತ್ತಾನೆ. ಬೆಳ್ಳಿತೆರೆಯ ನಾಯಕನಿಗೆ ಪ್ರೇಕ್ಷಕನ ದನಿ ಕೇಳಿಸದು. ಮನೆಯ ಪೆಟ್ಟಿಗೆಯಲ್ಲಿ ಕಾಣುವವನಿಗೆ ನೋಡುವವರು ಇದ್ದಾರೋ ಇಲ್ಲವೋ ತಿಳಿಯದು. ಡೇರೆಯಲ್ಲಾದರೋ ನೆಲದ ಮೇಲೆ ಕುಳಿತ ಒಕ್ಕಲಿಗನ ಮೆಚ್ಚುಗೆಯೂ ನಟನನ್ನು ಮುಟ್ಟುತ್ತದೆ. ಅವನ ಬೇಸರವೂ ಮುಟ್ಟುತ್ತದೆ. ನಟನನ್ನು ತಿದ್ದುವವನೂ ಅವನೇ, ಸಾಕುವವನೂ ಅವನೇ. ಈ ಬಾಂಧವ್ಯವನ್ನು ಉಳಿಸಿಕೊಳ್ಳುವ ಹೊಣೆಯು ಕಲಾವಿದರದಷ್ಟೇ ಪ್ರೇಕ್ಷಕರದೂ ಆಗಿದೆ.