ಕಡಲೆಯ ಹುಳಿ ಮತ್ತು ಯೀಸ್ಟ್‌ನ ಆಮ್ಲ: ಚಯಾಪಚಯ ಮಾರ್ಪಾಟಿನ ಒಂದು ವಿವೇಚನೆ

ಪೀಠಿಕೆ

ಗದಗ-ಬೆಟಗೇರಿಯ ಸುತ್ತಣ ಎರೆಹೊಲಗಳಲ್ಲಿ ಹಿಂಗಾರಿನ ಕಡಲೆಯ ಕುಡಿ ಚಿವುಟುವವರ ಬೆರಳುಗಳಿಗೆ ಹುಳಿ ಅಂಟಿಕೊಳ್ಳುವುದು ಎಲ್ಲರ ಅನುಭವ. ಎಲೆ ಮತ್ತು ಕಾಂಡಗಳ ಮೇಲಿರುವ ಸೂಕ್ಷ್ಮ ರೋಮಗ್ರಂಥಿಗಳಿಂದ ಒಸರುವ ಈ ದ್ರವದಲ್ಲಿ ಮುಖ್ಯವಾಗಿ ಮ್ಯಾಲಿಕ್ ಆಮ್ಲವೂ ಅದರೊಡನೆ ಆಕ್ಸಾಲಿಕ್ ಆಮ್ಲವೂ ಇರುತ್ತವೆ. ಇಬ್ಬನಿ ಬೀಳುವ ರಾತ್ರಿ ಬೆಳೆಯ ಮೇಲೆ ತೆಳುಬಟ್ಟೆ ಹಾಸಿ, ನಸುಕಿನಲ್ಲಿ ಅದನ್ನು ಹಿಂಡಿ ಕಡಲೆಯ ಹುಳಿಯನ್ನು ಸಂಗ್ರಹಿಸುವ ಪದ್ಧತಿ ಹಳೆಯದು. ಅಜೀರ್ಣಕ್ಕೆ ಮದ್ದಾದ ಇದಕ್ಕೆ ಆಯುರ್ವೇದದಲ್ಲಿ ಚಣಕಾಮ್ಲವೆಂಬ ಹೆಸರಿದೆ. ಸೇಬಿಗೆ ಹುಳಿಯನ್ನು ಕೊಡುವುದೂ ಇದೇ ಮ್ಯಾಲಿಕ್ ಆಮ್ಲ.

ತಂಪುಪಾನೀಯ ಮತ್ತು ಮಿಠಾಯಿಗಳಿಗೆ ಬೇಕಾಗುವ ಮ್ಯಾಲಿಕ್ ಆಮ್ಲವನ್ನು ಕೈಗಾರಿಕೆಯಲ್ಲಿ ಬಹುಮಟ್ಟಿಗೆ ಪೆಟ್ರೋಲಿಯಂ ಮೂಲದ ಮ್ಯಾಲಿಯಿಕ್ ಅನ್‌ಹೈಡ್ರೈಡ್‌ನಿಂದ ತಯಾರಿಸುತ್ತಾರೆ. ಹೀಗೆ ದೊರೆಯುವ ಆಮ್ಲವು ಕನ್ನಡಿಯ ಬಿಂಬ-ಪ್ರತಿಬಿಂಬಗಳಂತಹ ಎರಡು ರೂಪಗಳ ಮಿಶ್ರಣ. ಕಡಲೆ ಗಿಡವಾದರೋ ಅವುಗಳಲ್ಲಿ ಒಂದನ್ನೇ ಕೊಡುತ್ತದೆ. ಜೀವಕೋಶವೇ ಕಾರ್ಖಾನೆಯಾದರೆ ಈ ಶುದ್ಧ ರೂಪವನ್ನು ಕಾಳಿನ ಸಕ್ಕರೆಯಿಂದ ಪಡೆಯಬಹುದು. ಈ ಕೆಲಸಕ್ಕೆ ಯೀಸ್ಟನ್ನು ಹೇಗೆ ಸಿದ್ಧಗೊಳಿಸುತ್ತಾರೆ, ಅದರಿಂದ ಶಿರಹಟ್ಟಿ-ಲಕ್ಷ್ಮೇಶ್ವರ ಭಾಗದ ಗೋವಿನಜೋಳದ ಬೆಳೆಗಾರನಿಗೆ ಏನಾದರೂ ಒದಗೀತೇ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಯೀಸ್ಟ್‌ನ ಸಹಜ ದಾರಿ

ಯೀಸ್ಟ್ ಏಕಕೋಶದ ಶಿಲೀಂಧ್ರ. ರೊಟ್ಟಿಯ ಹಿಟ್ಟನ್ನು ಉಬ್ಬಿಸುವ, ಕಾಕಂಬಿಯನ್ನು ಮದ್ಯಸಾರವಾಗಿಸುವ ಸ್ಯಾಕರೋಮೈಸಿಸ್ ಸೆರವಿಸಿಯೆ ಇವುಗಳಲ್ಲಿ ಸುಪರಿಚಿತ. 1996ರಲ್ಲಿ ಅದರ ಸಂಪೂರ್ಣ ಜೀನೋಮಿನ ಅನುಕ್ರಮ ಪ್ರಕಟವಾಯಿತು. 16 ವರ್ಣತಂತುಗಳಲ್ಲಿ ಸುಮಾರು 6,000 ಜೀನ್‌ಗಳಿರುವುದು ತಿಳಿದ ಮೇಲೆ, ಯಾವ ಜೀನನ್ನು ತೆಗೆದರೆ ಯಾವ ಕ್ರಿಯೆ ನಿಲ್ಲುತ್ತದೆಂದು ಅರಿಯುವುದು ಸುಲಭವಾಯಿತು.

ಗ್ಲೂಕೋಸಿನ ಒಂದು ಅಣು ಕೋಶದೊಳಗೆ ಒಡೆದು ಪೈರುವಿಕ್ ಆಮ್ಲದ ಎರಡು ಅಣುಗಳಾಗುತ್ತದೆ. ಚಯಾಪಚಯದ ಕವಲುದಾರಿ ಇರುವುದು ಇಲ್ಲಿಯೇ. ಸಕ್ಕರೆ ಹೇರಳವಾಗಿರುವಾಗ ಯೀಸ್ಟ್, ಪೈರುವೇಟ್ ಡಿಕಾರ್ಬಾಕ್ಸಿಲೇಸ್ ಎಂಬ ಕಿಣ್ವದ ನೆರವಿನಿಂದ, ಪೈರುವಿಕ್ ಆಮ್ಲದ ಬಹುಪಾಲನ್ನು ಇಂಗಾಲದ ಡೈಆಕ್ಸೈಡ್ ಮತ್ತು ಮದ್ಯಸಾರವಾಗಿ ಮಾರ್ಪಡಿಸುತ್ತದೆ. ಮ್ಯಾಲಿಕ್ ಆಮ್ಲವೂ ಕೋಶದಲ್ಲಿ ಹುಟ್ಟುತ್ತದೆ. ಆದರೆ ಅದು ತನ್ನ ಬಳಕೆಗಾಗಿ ಮಾತ್ರ. ಕೀಟಗಳಿಂದ ರಕ್ಷಣೆ ಪಡೆಯಲು ಕಡಲೆ ಗಿಡವು ಹುಳಿಯನ್ನು ಹೊರಹಾಕುತ್ತದೆ. ಯೀಸ್ಟಿಗೆ ಅಂತಹ ಅಗತ್ಯವಿಲ್ಲ.

ನಾಲ್ಕು ಮಾರ್ಪಾಟುಗಳು

ನೆದರ್‌ಲೆಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು ನಡೆಸಿ 2008ರಲ್ಲಿ ಪ್ರಕಟಿಸಿದ ಕಾರ್ಯವು ಈ ತಂತ್ರಕ್ಕೆ ಸ್ಪಷ್ಟವಾದ ನಿದರ್ಶನ.

ಮೊದಲನೆಯದು, ಮದ್ಯಸಾರದ ದಾರಿಯನ್ನು ಮುಚ್ಚುವುದು. ಡಿಕಾರ್ಬಾಕ್ಸಿಲೇಸ್ ಕಿಣ್ವದ ಮೂರು ಜೀನ್‌ಗಳನ್ನೂ ತೆಗೆದುಹಾಕಿದಾಗ ಯೀಸ್ಟ್ ಗ್ಲೂಕೋಸ್ ಒಂದನ್ನೇ ಉಂಡು ಬೆಳೆಯಲಾರದಾಯಿತು. ಅಂತಹ ಕೋಶಗಳನ್ನು ಪ್ರಯೋಗಾಲಯದಲ್ಲಿ ದೀರ್ಘಕಾಲ ಬೆಳೆಸಿ, ಬದುಕಿ ಉಳಿದವುಗಳನ್ನು ಆಯ್ದುಕೊಂಡು ಈ ದೋಷವನ್ನು ನಿವಾರಿಸಲಾಯಿತು. 2004ರಲ್ಲಿ ವರದಿಯಾದ ಈ ತಳಿಯು ಲೀಟರಿಗೆ 135 ಗ್ರಾಂನಷ್ಟು ಪೈರುವಿಕ್ ಆಮ್ಲವನ್ನು ಕೂಡಿಸಿತು. ಕೈಯಿಂದ ಮಾಡಿದ ಬದಲಾವಣೆಗೆ ಆಯ್ಕೆಯ ಸಹಾಯವೂ ಬೇಕೆಂಬುದನ್ನು ಇದು ತೋರಿಸುತ್ತದೆ.

ಎರಡನೆಯದು, ಪೈರುವಿಕ್ ಆಮ್ಲಕ್ಕೆ ಇಂಗಾಲದ ಡೈಆಕ್ಸೈಡನ್ನು ಸೇರಿಸಿ ಆಕ್ಸಲೋಅಸಿಟಿಕ್ ಆಮ್ಲವನ್ನಾಗಿಸುವ ಕಿಣ್ವದ ಪ್ರಮಾಣವನ್ನು ಹೆಚ್ಚಿಸುವುದು. ಮೂರನೆಯದು, ಆಕ್ಸಲೋಅಸಿಟಿಕ್ ಆಮ್ಲವನ್ನು ಮ್ಯಾಲಿಕ್ ಆಮ್ಲವಾಗಿಸುವ ಕಿಣ್ವದ ಸ್ಥಾನವನ್ನು ಬದಲಿಸುವುದು. ಯೀಸ್ಟ್‌ನಲ್ಲಿ ಈ ಕಿಣ್ವದ ಒಂದು ಬಗೆಯು ಪೆರಾಕ್ಸಿಸೋಮ್ ಎಂಬ ಸಣ್ಣ ಕೋಶಾಂಗದೊಳಗೆ ಸೇರಿಕೊಳ್ಳುತ್ತದೆ. ಅದರ ತುದಿಯಲ್ಲಿರುವ ಮೂರು ಅಮೈನೋ ಆಮ್ಲಗಳ ಗುರುತೇ ಆ ವಿಳಾಸ. ಗುರುತನ್ನು ಅಳಿಸಿದಾಗ ಕಿಣ್ವವು ಕೋಶದ್ರವ್ಯದಲ್ಲಿಯೇ ಉಳಿದು ಅಲ್ಲಿ ಕೆಲಸ ಮಾಡಿತು.

ನಾಲ್ಕನೆಯದು ಬಾಗಿಲು. ಒಳಗೆ ತಯಾರಾದ ಆಮ್ಲ ಹೊರಬಾರದಿದ್ದರೆ ಪ್ರಯೋಜನವಿಲ್ಲ. ಸ್ಕೈಜೋಸ್ಯಾಕರೋಮೈಸಿಸ್ ಪೊಂಬೆ ಎಂಬ ಬೇರೊಂದು ಯೀಸ್ಟ್‌ನಿಂದ ಮ್ಯಾಲಿಕ್ ಆಮ್ಲದ ಸಾಗಾಣಿಕೆಯ ಪ್ರೋಟೀನಿನ ಜೀನನ್ನು ತಂದು ಸೇರಿಸಲಾಯಿತು. ಎಲ್ಲ ಮಾರ್ಪಾಟುಗಳೂ ಒಂದುಗೂಡಿದ ತಳಿಯು ಲೀಟರಿಗೆ 59 ಗ್ರಾಂ ಮ್ಯಾಲಿಕ್ ಆಮ್ಲವನ್ನು ನೀಡಿತು.

ಇಳುವರಿಯ ಲೆಕ್ಕ

ಈ ದಾರಿಯಲ್ಲಿ ಗ್ಲೂಕೋಸಿನ ಒಂದು ಅಣುವಿನಿಂದ ಸಿದ್ಧಾಂತದ ಮಟ್ಟಿಗೆ ಮ್ಯಾಲಿಕ್ ಆಮ್ಲದ ಎರಡು ಅಣುಗಳು ಬರಬೇಕು. ಡೆಲ್ಫ್ಟ್‌ನ ತಳಿಯಲ್ಲಿ ಬಂದದ್ದು 0.42. ಇದರ ಅರ್ಥವನ್ನು ಗೋವಿನಜೋಳದ ಭಾಷೆಯಲ್ಲಿ ಹೇಳುವುದು ಉಚಿತ. ಒಂದು ಕ್ವಿಂಟಲ್ ಕಾಳಿನಲ್ಲಿ ಸುಮಾರು 70 ಕಿಲೋ ಪಿಷ್ಟವಿರುತ್ತದೆ. ಅದು ಪೂರ್ಣವಾಗಿ ವಿಭಜನೆಯಾದರೆ 78 ಕಿಲೋ ಗ್ಲೂಕೋಸ್ ದೊರೆಯುತ್ತದೆ. ಪ್ರಯೋಗಾಲಯದ ಇಳುವರಿಯಲ್ಲಿ ಇದರಿಂದ ಬರುವ ಆಮ್ಲ ಸುಮಾರು 24 ಕಿಲೋ. ಪರಮಾವಧಿ ಇಳುವರಿಯಲ್ಲಾದರೆ, ಹೀರಿಕೊಂಡ ಇಂಗಾಲದ ಡೈಆಕ್ಸೈಡಿನ ತೂಕವೂ ಸೇರಿ, ಸುಮಾರು 116 ಕಿಲೋ.

2025-26ನೆಯ ಹಂಗಾಮಿಗೆ ಗೋವಿನಜೋಳದ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಆ ದರದಲ್ಲಿ ಒಂದು ಕಿಲೋ ಆಮ್ಲಕ್ಕೆ ಕಾಳಿನ ವೆಚ್ಚವೇ ಮೊದಲ ಲೆಕ್ಕದಲ್ಲಿ 100 ರೂಪಾಯಿ, ಎರಡನೆಯದರಲ್ಲಿ ಸುಮಾರು 21 ರೂಪಾಯಿ. ಮೊಳಕೆಭಾಗ ಮತ್ತು ಹೊಟ್ಟಿನ ಮಾರಾಟದಿಂದ ಈ ವೆಚ್ಚ ಸ್ವಲ್ಪ ತಗ್ಗಬಹುದು. ಆದರೂ ಎರಡರ ನಡುವಿನ ಅಂತರ ದೊಡ್ಡದು.

ಇಳುವರಿ ಕಡಿಮೆಯಾಗಲು ಶಕ್ತಿಯ ಕೊರತೆಯೂ ಒಂದು ಕಾರಣ. ಗ್ಲೂಕೋಸನ್ನು ಒಡೆದಾಗ ಕೋಶಕ್ಕೆ ಎರಡು ಎಟಿಪಿ ಅಣುಗಳ ಲಾಭ. ಇಂಗಾಲದ ಡೈಆಕ್ಸೈಡನ್ನು ಸೇರಿಸುವ ಹಂತದಲ್ಲಿ ಅವೆರಡೂ ಖರ್ಚಾಗುತ್ತವೆ. ಆಮ್ಲ ತಯಾರಿಸಿ ಕೊಡುವ ಯೀಸ್ಟಿಗೆ ಆ ದುಡಿಮೆಯಿಂದ ಉಳಿಯುವ ಕೂಲಿ ಸೊನ್ನೆ! ಹೀಗಾಗಿ ಬದುಕಲು ಅದು ಸಕ್ಕರೆಯ ಒಂದು ಭಾಗವನ್ನು ಉಸಿರಾಟದಲ್ಲಿ ಸುಡಲೇಬೇಕು.

ಸುಣ್ಣದ ಸಮಸ್ಯೆ

ಆಮ್ಲ ಹೆಚ್ಚಾದಂತೆ ದ್ರಾವಣದ ಪಿಎಚ್ ಇಳಿಯುತ್ತದೆ. ಮೊಸರನ್ನು ಹುಳಿಯಾಗಿಸುವ ಬ್ಯಾಕ್ಟೀರಿಯಾಗಳು ತಮ್ಮದೇ ಲ್ಯಾಕ್ಟಿಕ್ ಆಮ್ಲದಲ್ಲಿ ಸೊರಗುತ್ತವೆ. ಆದುದರಿಂದ ಕಾರ್ಖಾನೆಯಲ್ಲಿ ಸುಣ್ಣ ಬೆರೆಸಿ ಹುಳಿಯನ್ನು ತಗ್ಗಿಸಬೇಕು, ಕೊನೆಗೆ ಗಂಧಕಾಮ್ಲದಿಂದ ಆಮ್ಲವನ್ನು ಬಿಡಿಸಬೇಕು. ಈ ಕ್ರಮದಲ್ಲಿ ಒಂದು ಟನ್ ಲ್ಯಾಕ್ಟಿಕ್ ಆಮ್ಲಕ್ಕೆ ಹೆಚ್ಚುಕಡಿಮೆ ಒಂದು ಟನ್ ಜಿಪ್ಸಮ್ ಉಳಿಯುತ್ತದೆ. ಹುಳಿಯಲ್ಲಿ ಬದುಕಬಲ್ಲ ಯೀಸ್ಟ್‌ಗಳ ಮಹತ್ವ ಇಲ್ಲಿದೆ: ಪಿಎಚ್ 3ರ ಆಸುಪಾಸಿನಲ್ಲಿಯೂ ಅವು ಕೆಲಸ ಮಾಡಿದರೆ ಸುಣ್ಣವೂ ಜಿಪ್ಸಮ್ಮೂ ಬಹುಮಟ್ಟಿಗೆ ತಪ್ಪುತ್ತವೆ. ಡೆಲ್ಫ್ಟ್‌ನ ಪ್ರಯೋಗದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟನ್ನು ಬೆರೆಸಲಾಗಿತ್ತೆಂಬುದನ್ನು ಮರೆಯಬಾರದು. ಅಂದರೆ ಆ ತಳಿಯು ಈ ಪರೀಕ್ಷೆಯನ್ನು ಆಗ ಇನ್ನೂ ಎದುರಿಸಿರಲಿಲ್ಲ.

ಕೈಗಾರಿಕೆಯ ಅನುಭವ

ಬ್ಯಾಕ್ಟೀರಿಯಾದ ಜೀನನ್ನು ಪಡೆದ ಯೀಸ್ಟ್ ಲ್ಯಾಕ್ಟಿಕ್ ಆಮ್ಲವನ್ನು ತಯಾರಿಸಬಲ್ಲದೆಂದು ಫ್ರಾನ್ಸಿನ ಸಂಶೋಧಕರು 1994ರಲ್ಲಿ ತೋರಿಸಿದ್ದರು. 2000ರ ದಶಕದ ಕೊನೆಯ ವೇಳೆಗೆ ಅಮೆರಿಕದ ಕಾರ್ಗಿಲ್ ಸಂಸ್ಥೆಯು ಹುಳಿ ಸಹಿಸುವ ಯೀಸ್ಟ್‌ನಿಂದ ಇದನ್ನು ಕಾರ್ಖಾನೆಯ ಮಟ್ಟಕ್ಕೆ ತಂದಿತು. ಕಚ್ಚಾವಸ್ತು ಗೋವಿನಜೋಳದ ಸಕ್ಕರೆ, ಅಂತಿಮ ಉತ್ಪನ್ನ ಜೈವಿಕ ಪ್ಲಾಸ್ಟಿಕ್.

ಸಕ್ಸಿನಿಕ್ ಆಮ್ಲದ ಕಥೆ ಬೇರೆ. ಡಿಎಸ್ಎಂ ಮತ್ತು ರೊಕೆಟ್ ಸಂಸ್ಥೆಗಳ ಜಂಟಿ ಉದ್ಯಮವಾದ ರೆವರ್ಡಿಯಾ 2012ರಲ್ಲಿ ಇಟಲಿಯ ಕಸ್ಸಾನೊ ಸ್ಪಿನೋಲಾದಲ್ಲಿ ವರ್ಷಕ್ಕೆ 10,000 ಟನ್ ಸಾಮರ್ಥ್ಯದ ಯೀಸ್ಟ್ ಆಧಾರಿತ ಘಟಕವನ್ನು ಆರಂಭಿಸಿತು. 2019ರಲ್ಲಿ ಆ ಜಂಟಿ ಉದ್ಯಮವು ಕೊನೆಗೊಂಡಿತು. 2015ರಲ್ಲಿ ಕೆನಡಾದ ಸಾರ್ನಿಯಾದಲ್ಲಿ 30,000 ಟನ್ ಸಾಮರ್ಥ್ಯದ ಘಟಕವನ್ನು ತೆರೆದ ಬಯೋಆಂಬರ್ 2018ರಲ್ಲಿ ದಿವಾಳಿಯಾಯಿತು. ತೈಲದ ಬೆಲೆ ಕುಸಿದ ಆ ವರ್ಷಗಳಲ್ಲಿ ಪೆಟ್ರೋಲಿಯಂ ಮೂಲದ ಉತ್ಪನ್ನಗಳೊಡನೆ ಸ್ಪರ್ಧಿಸುವುದು ಕಠಿಣವಾಗಿತ್ತು. ಯೀಸ್ಟ್ ಗೆದ್ದರೂ ಉದ್ಯಮ ಸೋಲಬಹುದೆಂಬುದಕ್ಕೆ ಇವು ಸಾಕ್ಷಿ.

ನಮ್ಮ ನೆಲದ ಪ್ರಶ್ನೆ

ರೊಕೆಟ್ ಸಂಸ್ಥೆಯ ಗೋವಿನಜೋಳದ ಪಿಷ್ಟದ ಕಾರ್ಖಾನೆಯೊಂದು ಬೆಳಗಾವಿ ಜಿಲ್ಲೆಯ ಗೋಕಾಕದಲ್ಲಿಯೇ ಇದೆ. ಮುಂಡರಗಿ ತಾಲ್ಲೂಕಿನಲ್ಲಿ ಕಬ್ಬೂ ಸಕ್ಕರೆ ಕಾರ್ಖಾನೆಯೂ ಇವೆ. ಅಂದರೆ ಯೀಸ್ಟಿಗೆ ಬೇಕಾದ ಸಕ್ಕರೆಯ ಮೂಲಗಳು ಈ ಭಾಗಕ್ಕೆ ಹೊಸವಲ್ಲ. ಕೇಂದ್ರ ಸರ್ಕಾರವು 2024ರಲ್ಲಿ ಒಪ್ಪಿದ ಬಯೋಇ3 ನೀತಿಯು ಜೈವಿಕ ಉತ್ಪಾದನೆಗೆ ಉತ್ತೇಜನ ನೀಡುವ ಗುರಿಯನ್ನು ಹೊಂದಿದೆ.

ಆದರೆ 2025ರ ನವೆಂಬರ್ ತಿಂಗಳಲ್ಲಿ ಲಕ್ಷ್ಮೇಶ್ವರದಲ್ಲಿ ರೈತರು ಗೋವಿನಜೋಳದ ಖರೀದಿ ಕೇಂದ್ರಕ್ಕಾಗಿ ಧರಣಿ ಕುಳಿತದ್ದನ್ನು ಇದರೊಡನೆಯೇ ನೆನೆಯಬೇಕು. ಪೇಟೆಯ ದರವು ಬೆಂಬಲ ಬೆಲೆಗಿಂತ ಬಹಳ ಕೆಳಗಿತ್ತು. ಇಳುವರಿ ಕಡಿಮೆಯಿರುವ ಯೀಸ್ಟನ್ನು ನಂಬಿದ ಕಾರ್ಖಾನೆಗೆ ಉಳಿಗಾಲವಿರುವುದು ಕಾಳು ಅಗ್ಗವಾಗಿದ್ದರೆ ಮಾತ್ರ. ಅಂತಹ ಕಾರ್ಖಾನೆ ರೈತನಿಗೆ ಹೊಸ ಗಿರಾಕಿಯಾದೀತೇ ಹೊರತು ಒಳ್ಳೆಯ ಬೆಲೆ ಕೊಡುವ ಗಿರಾಕಿಯಾಗಲಾರದು.

ಉಪಸಂಹಾರ

ಯೀಸ್ಟ್‌ನ ಚಯಾಪಚಯವನ್ನು ಬೇಕಾದತ್ತ ತಿರುಗಿಸಬಹುದೆಂಬುದು ಸಿದ್ಧವಾಗಿದೆ. ಸುಣ್ಣವಿಲ್ಲದೆ ಹುಳಿಯಲ್ಲಿ ಬದುಕುವ, ಸಕ್ಕರೆಯ ಬಹುಪಾಲನ್ನು ಆಮ್ಲವಾಗಿಸಿ ಕೊಡುವ ತಳಿಯನ್ನು ರೂಪಿಸುವುದು ಮುಂದಿನ ಕಾರ್ಯ. ಕೋಶದೊಳಗಿನ ಈ ಲೆಕ್ಕವು ಸರಿಹೊಂದಿದರೆ ಮಾತ್ರ, ಸಕ್ಕರೆಗೆ ನ್ಯಾಯವಾದ ಬೆಲೆ ತೆತ್ತೂ ಕಾರ್ಖಾನೆ ಬದುಕಬಲ್ಲದು. ಆದುದರಿಂದ ಇಳುವರಿಯ ಪ್ರಶ್ನೆಯು ಪ್ರಯೋಗಾಲಯಕ್ಕೆ ಎಷ್ಟು ಸೇರಿದ್ದೋ ಶಿರಹಟ್ಟಿಯ ಹೊಲಕ್ಕೂ ಅಷ್ಟೇ ಸೇರಿದ್ದು.