ಬಳೆಗಾರ ಗುಂಡಿನ ಮೇಲೆ ನಿಲ್ಲಬೇಡಿ

ಚಳ್ಳಕೆರೆಯಿಂದ ಉತ್ತರಕ್ಕೆ ಹೊರಟವರಿಗೆ ಮೊದಲು ಕಾಣುವುದು ಬರೀ ಬಯಲು: ಶೇಂಗಾ ಹೊಲ, ಜಾಲಿ, ಕುರಿ ಮಂದೆ. ಮೊಳಕಾಲ್ಮುರು ಸಮೀಪಿಸಿದಂತೆ ಬಂಡೆಬೆಟ್ಟಗಳು ಎದುರಾಗುತ್ತವೆ. ಮಲೆನಾಡಿನ ಹಸಿರು ಇಲ್ಲಿಲ್ಲ; ಹಾಗೆಂದೇ ನೋಟಕ್ಕೆ ಮರಗಳ ಅಡ್ಡಿಯೂ ಇಲ್ಲ. ಬಯಲಿಗಿಂತ 100 ಮೀಟರ್ ಎತ್ತರದಲ್ಲಿ ನಿಂತರೆ ದಿಗಂತ ಸುಮಾರು 36 ಕಿ.ಮೀ. ದೂರ.

ಇಂಥ ತಾಣಗಳನ್ನು ಪ್ರವಾಸಿಗರಿಗಾಗಿ ನಕಾಶೆಗೆ ಇಳಿಸುವುದು ಹೇಗೆ? ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ಹಾಳೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಅರ್ಧ ಕಿ.ಮೀ. ಅದರಲ್ಲಿನ ಕಂದು ಗೆರೆಗಳು ಸಮಾನ ಎತ್ತರದ ಜಾಗಗಳನ್ನು ಕೂಡಿಸುತ್ತವೆ. ಗೆರೆಗಳು ಒತ್ತೊತ್ತಾಗಿದ್ದರೆ ಏರು ಕಡಿದು ಎಂದರ್ಥ. ಆದರೆ ಬೆಟ್ಟದ ನೆತ್ತಿಯೇ ಉತ್ತಮ ನೋಟದ ಜಾಗವಾಗಬೇಕೆಂದಿಲ್ಲ. ನೆತ್ತಿ ಅಗಲವಾಗಿದ್ದರೆ ಅದರ ಅಂಚೇ ಕೆಳಗಿನ ಊರನ್ನು ಮರೆಮಾಡುತ್ತದೆ. ಹಾಳೆ ನೋಡಿದರೆ ಸಾಲದು, ಬೆಟ್ಟ ಹತ್ತಬೇಕು. ಯಾವ ದಿಕ್ಕಿಗೆ ಎಷ್ಟು ಕಾಣುತ್ತದೆ, ಬಿಸಿಲು ಯಾವ ಹೊತ್ತಿಗೆ ಕಣ್ಣಿಗೆ ಹೊಡೆಯುತ್ತದೆ ಎಂಬುದನ್ನೂ ಗುರುತು ಹಾಕಿಕೊಳ್ಳಬೇಕು.

ಇನ್ನು ಹೆಸರುಗಳು. ಇವು ಯಾವ ಹಾಳೆಯಲ್ಲೂ ಪೂರ್ತಿ ಸಿಗುವುದಿಲ್ಲ, ಊರವರನ್ನೇ ಕೇಳಬೇಕು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರೂ ಕಡೆ ಅಶೋಕನ ಶಾಸನಗಳಿರುವುದನ್ನು 1892ರಲ್ಲಿ ಲೋಕಕ್ಕೆ ತಿಳಿಸಿದವರು ಬಿ.ಎಲ್. ರೈಸ್. ಆದರೆ ಬ್ರಹ್ಮಗಿರಿಯ ಬಂಡೆಯನ್ನು ಜನ ಆಗಲೇ 'ಅಕ್ಷರ ಗುಂಡು' ಎಂದು ಕರೆಯುತ್ತಿದ್ದರು. ಲಿಪಿ ಓದಲಾಗದಿದ್ದರೂ ಅದು ಅಕ್ಷರವೆಂಬುದು ಅವರಿಗೆ ತಿಳಿದಿತ್ತು!

ಜಟಾಯು ಬಿದ್ದ ಜಾಗವೆಂದು ನಂಬಿಕೆಯಿರುವ ಜಟಿಂಗ ರಾಮೇಶ್ವರದ ಬೆಟ್ಟದಲ್ಲಿ ಶಾಸನದ ಬಂಡೆಗೆ 'ಬಳೆಗಾರ ಗುಂಡು' ಎಂದು ಹೆಸರು. ಜಾತ್ರೆಯ ಬಳೆಗಾರರು ಅದರ ಮೇಲೆಯೇ ಅಂಗಡಿ ಹೂಡುತ್ತಿದ್ದರು. ಮೂರರಲ್ಲಿ ತೀರ ಸವೆದಿರುವ ಶಾಸನವೂ ಇದೇ. ಬಳೆಗಾರರನ್ನು ದೂರಿ ಫಲವಿಲ್ಲ. ಅವರಿಗೆ ಅದು ಚಪ್ಪಟೆಯಾದ, ಅನುಕೂಲದ ಕಲ್ಲು. ನೋಟದ ತಾಣವೆಂದು ನಕಾಶೆಯಲ್ಲಿ ಚುಕ್ಕೆಯಿಟ್ಟರೆ ಪ್ರವಾಸಿಗರೂ ಅಂಥ ಕಲ್ಲನ್ನೇ ಹುಡುಕಿ ನಿಲ್ಲುತ್ತಾರೆ. ಆದ್ದರಿಂದ ಚುಕ್ಕೆ ಶಾಸನದಿಂದ ದೂರವಿರಬೇಕು, ಅಲ್ಲಿಗೆ ಹೋಗುವ ಕಾಲುದಾರಿಯೂ ಬಂಡೆಯನ್ನು ಬಳಸಿ ಹೋಗಬೇಕು.

ಬ್ರಹ್ಮಗಿರಿಯ ಶಾಸನ 'ಇಸಿಲ' ಎಂಬ ಪಟ್ಟಣದ ಅಧಿಕಾರಿಗಳಿಗೆ ಬರೆದದ್ದು. ಬೆಟ್ಟದ ಬುಡದಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗ ಹಳೆಯ ವಸತಿಯ ಪದರಗಳೂ ಬೃಹತ್ ಶಿಲಾ ಗೋರಿಗಳೂ ದೊರೆತವು. ಇಳಿಜಾರಿನಿಂದ ನೋಡುವವರಿಗೆ ಅಲ್ಲಿ ನೆಲ ಬಿಟ್ಟರೆ ಬೇರೇನೂ ಕಾಣದು. ನಕಾಶೆಯಲ್ಲಿ ಅತ್ತ ಒಂದು ಬಾಣ, ಪಕ್ಕದಲ್ಲಿ 'ಇಸಿಲ' ಎಂಬ ಹೆಸರು ಇದ್ದರೆ ಸಾಕು.