ಅಡಿಪಾಯಕ್ಕೂ ಮೊದಲು: ಎರೆ ನೆಲದ ಮಟ್ಟ ಮತ್ತು ಅದರ ದಾಖಲೆ



ಆದೋನಿ, ಆಲೂರು, ಎಮ್ಮಿಗನೂರು, ಕೋಸಿಗಿ ಕಡೆ ಹತ್ತಿ ಗೋದಾಮು, ಜಿನ್ನಿಂಗ್ ಮಿಲ್, ಅಂಗಡಿ ಮಳಿಗೆ ಕಟ್ಟಿಸುವವರು ನಮ್ಮಲ್ಲಿ ಅನೇಕರಿದ್ದಾರೆ. ನಕ್ಷೆ ಮಂಜೂರಾತಿಗೆ ಓಡಾಡುವ ನಾವು, ನೆಲ ಸಮತಟ್ಟು ಮಾಡಿದ್ದಕ್ಕೆ ದಾಖಲೆ ಇಡುವುದನ್ನು ಮರೆಯುತ್ತೇವೆ. ನಮ್ಮದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಗೋಡೆ ಸೀಳಿದ ಮೇಲೆ ಕೆಳಗೆ ಏನು ತುಂಬಿದ್ದರೆಂದು ಹೇಳುವವರು ಸಿಗುವುದಿಲ್ಲ.

ಮೊದಲು ಭೂಮಿಯ ಪತ್ರ. ಆದೋನಿ, ಆಲೂರು ತಾಲೂಕುಗಳು 1953ರ ಅಕ್ಟೋಬರ್ 1ಕ್ಕೆ ಮುಂಚೆ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಹಳೆಯ ಪತ್ರದಲ್ಲಿ ಬಳ್ಳಾರಿ ಎಂದಿದ್ದರೆ ಗಾಬರಿ ಬೇಡ; ಈಗಿನ ಸರ್ವೆ ನಂಬರಿಗೆ ತಾಳೆ ನೋಡಿ. ಸಿರುಗುಪ್ಪ, ರಾಯಚೂರಿನ ಪಹಣಿಗೆ ಇಲ್ಲಿ ಅಡಂಗಲ್ ಎನ್ನುತ್ತಾರೆ. ಆಂಧ್ರದಲ್ಲಿ ಕಟ್ಟಡ ಅನುಮತಿಗೆ 2017ರ ನಿಯಮಗಳು, ನಂತರದ ತಿದ್ದುಪಡಿಗಳು ಆಧಾರ, ಅರ್ಜಿ ಆನ್‌ಲೈನ್.

ಕಡತದಲ್ಲಿ ಇವು ಇರಲಿ:

1. ಮಣ್ಣು ಮುಟ್ಟುವ ಮೊದಲಿನ ಮಟ್ಟ. ಅಲುಗದ ಒಂದು ಗುರುತಿನಿಂದ, ಉದಾಹರಣೆಗೆ ರಸ್ತೆಯ ಸೇತುವೆಯ ಕಟ್ಟೆಯಿಂದ, ನಿವೇಶನದ ಉದ್ದಗಲಕ್ಕೂ ಅಳೆಸಿ. ರಸ್ತೆ, ಚರಂಡಿ, ಪಕ್ಕದ ಹೊಲದ ಮಟ್ಟವನ್ನೂ ಬರೆಸಿ.

2. ಮಣ್ಣಿನ ಪರೀಕ್ಷೆ. ಐಎಸ್ 2720ರ 40ನೇ ಭಾಗದ ಉಬ್ಬುವಿಕೆ ಪರೀಕ್ಷೆ ಸರಳ: ಒಣಗಿದ ಮಣ್ಣಿನ ಪುಡಿ 10 ಗ್ರಾಂ ನೀರಿನಲ್ಲಿ, 10 ಗ್ರಾಂ ಸೀಮೆಎಣ್ಣೆಯಲ್ಲಿ ಬಿಟ್ಟು, 24 ಗಂಟೆ ಬಳಿಕ ಎಷ್ಟು ಉಬ್ಬಿದೆ ನೋಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬದು, ವ್ಯತ್ಯಾಸವೇ ಉತ್ತರ.

3. ತುಂಬಿದ ಲೆಕ್ಕ. 30 ಮೀಟರ್ ಉದ್ದ, 20 ಮೀಟರ್ ಅಗಲಕ್ಕೆ 60 ಸೆಂಟಿಮೀಟರ್ ಏರಿಸಲು ಅದುಮಿದ ಗರಸು 360 ಘನ ಮೀಟರ್ ಬೇಕು. ಟಿಪ್ಪರಿನಲ್ಲಿರುವುದು ಸಡಿಲ ಮಣ್ಣು. ಟ್ರಿಪ್ಪಿನ ಲೆಕ್ಕ ಇದಕ್ಕಿಂತ ಹೆಚ್ಚೇ ಬರುತ್ತದೆ. ತೆಗೆದ ಎರೆಮಣ್ಣನ್ನೇ ಮತ್ತೆ ತುಂಬಲು ಬಿಡಬೇಡಿ.

4. ಪದರ ಪದರವಾಗಿ ಅದುಮಿದ ವರದಿ. ಪ್ರತಿ ಪದರದ ದಪ್ಪ, ದಿನಾಂಕ, ಫೋಟೋ, ಐಎಸ್ 2720ರ 28ನೇ ಭಾಗದಂತೆ ಮರಳು ಹಾಕಿ ನೋಡಿದ ಸಾಂದ್ರತೆ. ಮೇಲಿನ ಪದರ ಬಿದ್ದ ಮೇಲೆ ಕೆಳಗಿನದನ್ನು ಪರೀಕ್ಷಿಸಲಾಗದು.

5. ಕೊನೆಯ ಮಟ್ಟ. ಮಳೆನೀರು ಎತ್ತ ಹರಿಯುತ್ತದೆ ಎಂಬುದನ್ನು ಬಾಣದ ಗುರುತಿನಿಂದ ತೋರಿಸಿ. ನಾವು ನೆಲ ಏರಿಸಿದರೆ ನೀರು ಪಕ್ಕದವರ ಹೊಲಕ್ಕೆ ನುಗ್ಗಬಾರದು. ಜಗಳವಾದರೆ ಮೊದಲಿನ ಮಟ್ಟದ ಹಾಳೆಯೇ ಸಾಕ್ಷಿ.

ವರದಿ ತೆಲುಗು ಅಥವಾ ಇಂಗ್ಲಿಷಿನಲ್ಲಿ ಇರಬಹುದು. ಓದಲು ಬಾರದಿದ್ದರೆ ಎಂಜಿನಿಯರರನ್ನು ಕೂರಿಸಿಕೊಂಡು ಸಾಲು ಸಾಲಾಗಿ ಅರ್ಥ ಕೇಳಿ, ಆಮೇಲೆ ಸಹಿ ಹಾಕಿ. ಒಂದು ಪ್ರತಿ ಗುತ್ತಿಗೆದಾರರ ಬಳಿ ಇದ್ದರೆ ಸಾಲದು, ಮನೆಯಲ್ಲೂ ಇರಲಿ.